ಅವಲಕ್ಕಿ ಬದಲಿಸುವ ದಿನ

ನಮ್ಮವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು.
ಶಿವಮೊಗ್ಗದ ಕಂಬಗಳೆಲ್ಲ ಅವರಿಗೆ ಹೆಸರು ಹಿಡಿದು ಗೊತ್ತು.
ನಿವೃತ್ತಿಯಾದ ಮರುವಾರವೇ ದುರ್ಗಿಗುಡಿಯ ಟೈಲರ್ ಹತ್ತಿರ
ಎರಡು ಪದರದ ಖಾಕಿ ಚೀಲ ಹೊಲಿಸಿ
ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು.
"ದೇವೀರಿ, ಇದನ್ನು ಮುಟ್ಟಬೇಡ" ಎಂದರು,
ಮಡಿಬಟ್ಟೆಯ ಹಾಗೆ.

ಮುಟ್ಟದೆ ಇರುತ್ತೇನೆಯೆ?
ಟಾರ್ಚು, ಸೀಟಿ, ಡೆಟಾಲು, ಹನ್ನೆರಡು ಮೊಳ ನೈಲಾನ್ ಹಗ್ಗ,
ಭದ್ರಾವತಿ ಆಕಾಶವಾಣಿ ಮಾತ್ರ ಹಿಡಿಯುವ ರೇಡಿಯೊ,
ಬೆಲ್ಲದಚ್ಚು, ಎರಡು ಕೇಜಿ ಗಟ್ಟಿ ಅವಲಕ್ಕಿ.
ತಳದಲ್ಲಿ ನನ್ನ ಬಿಪಿ ಮಾತ್ರೆ.
ಅದನ್ನು ನೋಡಿದ ದಿನದಿಂದ
ಬೈಯುವುದನ್ನು ಅರ್ಧ ಕಡಿಮೆ ಮಾಡಿದೆ.

ಬಾಂಬು ಎಲ್ಲಿ ಇಡುತ್ತಾರೆನ್ನುವುದು
ಇಡುವವರಿಗಿಂತ ಇವರಿಗೆ ಚೆನ್ನಾಗಿ ಗೊತ್ತು.
ಬಸ್ಸು ಹತ್ತಿದರೆ ಮೊದಲು ಸೀಟಿನಡಿ ಬಗ್ಗಿ ನೋಡುವುದು,
ಆಮೇಲೆ ಟಿಕೆಟ್.
ಮದುವೆಮನೆಯಲ್ಲಿ ಹಿಂಬಾಗಿಲ ಪಕ್ಕದ ಎಲೆಯೇ ಬೇಕು;
ಪಾಯಸ ಅಲ್ಲಿಗೆ ಬರುವ ಹೊತ್ತಿಗೆ ಗೋಡಂಬಿ ಮುಗಿದಿರುತ್ತದೆ.
ಗಾಂಧಿ ಬಜಾರಿನಲ್ಲಿ ನಾನು ಸೊಪ್ಪಿಗೆ ಚೌಕಾಸಿ ಮಾಡುವಾಗ
ಇವರು ಯಾರೋ ಬಿಟ್ಟುಹೋದ ಟಿಫಿನ್ ಡಬ್ಬಿಯಿಂದ
ಹತ್ತು ಮಾರು ದೂರ, ಉಸಿರು ಬಿಗಿಹಿಡಿದು.
ಹಮಾಲಿ ಬಂದ, ಕೂತ, ಮುಚ್ಚಳ ಬಿಚ್ಚಿದ.
ಚಿತ್ರಾನ್ನ.

ತಿಂಗಳಿಗೊಮ್ಮೆ ತಾಲೀಮು.
ಸೀಟಿ ಊದಿದರೆ ಮೂರು ನಿಮಿಷದೊಳಗೆ ಹಿತ್ತಿಲಲ್ಲಿರಬೇಕು.
ನಾನು ಗ್ಯಾಸ್ ಆರಿಸಿ, ಸೆರಗು ಸಿಕ್ಕಿಸಿ, ಬೀಗ ಹುಡುಕಿ
ಬರುವಷ್ಟರಲ್ಲಿ ಏಳು.
"ನೀನು ಸತ್ತೆ" ಎನ್ನುತ್ತಾರೆ ವಾಚು ನೋಡುತ್ತ.
ಹೊಗೆಯಿಲ್ಲ, ಸದ್ದಿಲ್ಲ, ತಂತಿಯ ಮೇಲೆ ಒಣಗುವ ಲಂಗ.
ಆ ಹಿತ್ತಿಲಲ್ಲಿ ನೂರೆಂಟು ಸಲ ಸತ್ತಿದ್ದೇನೆ.

ಮುಗ್ಗು ಹಿಡಿಯಬಾರದೆಂದು ಅಮಾವಾಸ್ಯೆಗೊಮ್ಮೆ
ಹಳೆಯ ಅವಲಕ್ಕಿ ತೆಗೆದು ಹೊಸದು ತುಂಬುವುದು.
ಮರುದಿನ ತಿಂಡಿಗೆ ಅದೇ: ಒಗ್ಗರಣೆ, ಕಾಯಿತುರಿ, ಲಿಂಬೆ.
ಒಂಬತ್ತು ವರ್ಷ ಹೀಗೆ
ಬಾರದ ಅನಾಹುತವನ್ನು ಕಲಸಿಕೊಂಡು ತಿಂದೆವು.
ರುಚಿಯಾಗಿತ್ತು. ಸುಳ್ಳೇಕೆ.

ಮೊನ್ನೆ ಊರಿಗೆ ನಿಷೇಧಾಜ್ಞೆ.
ಕಾರಣ ಕೇಳಬೇಡಿ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು.
ಶಟರುಗಳು ಬೀಳುವ ಸದ್ದಿಗೇ ಇವರು ಚೀಲ ಹೆಗಲಿಗೇರಿಸಿದರು,
ಮುಖದಲ್ಲಿ, ಹೇಗೆ ಹೇಳಲಿ,
ಒಂದು ನಮೂನೆ ಮದುವಣಿಗನ ಕಳೆ.
ನಾನು ಪಕ್ಕದ ಜೈಬುನ್ನೀಸಾಳ ಮನೆಗೆ ಹೋದೆ.
ಮೊಮ್ಮಗಳಿಗೆ ಹಾಲಿಲ್ಲ ಅಂದಿದ್ದಳು.

ಅವಳ ಬಾಗಿಲ ಹಿಂದೆಯೂ ಒಂದು ಮೊಳೆ,
ಮೊಳೆಗೊಂದು ಸಿಮೆಂಟು ಕಂಪನಿಯ ಚೀಲ.
"ಇದರಲ್ಲೂ ಅವಲಕ್ಕಿಯಾ?" ನಕ್ಕೆ.
ಅವಳು ನಗಲಿಲ್ಲ, ಇಳಿಸಿ ತೋರಿಸಿದಳು.
ರೇಷನ್ ಕಾರ್ಡು, ಮಕ್ಕಳ ಟಿ.ಸಿ.,
ಗಂಡನ ಸ್ಟವ್ ರಿಪೇರಿ ಅಂಗಡಿಯ ಪರವಾನಗಿ,
ಮಾವನ ಕಾಲದ ಕಂದಾಯ ರಸೀದಿ.
ಎಲ್ಲದಕ್ಕೂ ಮೂರು ಮೂರು ಜೆರಾಕ್ಸು, ಲ್ಯಾಮಿನೇಷನ್.
ಮಗ ಎಲ್ಲಿಗೆ ಹೋಗಿ ಬಂದರೂ ಬಸ್ ಟಿಕೆಟು ಕೊಡಬೇಕಂತೆ;
ತಾರೀಕಿನ ಪ್ರಕಾರ ಪಿನ್ನು ಹೊಡೆದು ಇಡುತ್ತಾಳೆ.
"ಎಲ್ಲೋ ಏನೋ ಸಿಡಿದರೆ
ಗುತ್ಯಪ್ಪಣ್ಣ ಹೊರಗೆ ಓಡೋದು ಕಲಿತರೆ ಸಾಕು, ಅಕ್ಕ.
ನಮ್ಮಲ್ಲಿಗೆ ಅವರೇ ಒಳಗೆ ಬರ್ತಾರೆ."

ಆ ರಾತ್ರಿ ಇವರಿಗೆ ಹೇಳಿದೆ.
ಬಹಳ ಹೊತ್ತು ಮಾತಿಲ್ಲ.
ಆಮೇಲೆ, "ಕಾಗದಕ್ಕೆ ಪ್ಲಾಸ್ಟಿಕ್ಕು... ನನಗೆ ಹೊಳೆಯಲೇ ಇಲ್ಲ ನೋಡು."
ಹೌದು. ನಮ್ಮ ಚೀಲದಲ್ಲಿ ಒಂದೂ ಕಾಗದವಿಲ್ಲ.
ನೀವು ಯಾರೆಂದು ನಮ್ಮನ್ನು ಯಾರೂ ಕೇಳುವುದಿಲ್ಲ:
ಅದೊಂದನ್ನು ಮಾತ್ರ
ತಯಾರಿಯಿಲ್ಲದೆ, ತೂಕವಿಲ್ಲದೆ
ಇಷ್ಟು ವರ್ಷ ಹೊತ್ತಿದ್ದೆವು.

ಇವತ್ತು ಅಮಾವಾಸ್ಯೆ.
ಸೇರಿನಲ್ಲಿ ಅವಲಕ್ಕಿ ಅಳೆಯುತ್ತ ಕೂತಿದ್ದಾರೆ.
ಗೋಡೆಯಾಚೆ ಒಂದು ಸದ್ದು,
ಟಕ್.
"ಏನದು?" ಸೇರು ಅರ್ಧಕ್ಕೇ ನಿಂತಿತು.
"ಏನಿಲ್ಲ, ನೀವು ಅಳೀರಿ.
ಭದ್ರಾವತಿಗೆ ಹೋಗಿದ್ದ ಹುಡುಗ
ವಾಪಸ್ಸು ಬಂದ ಅಂತ ಕಾಣುತ್ತೆ."